ಅರವತ್ತೆರಡರಲ್ಲಿ ನಿಂತ ಮನೆ

ನಮ್ಮೂರಲ್ಲಿ ಮನೆ ಕೆಟ್ಟರೆ ಗಾರೆ ಕೆಲಸದವರನ್ನು ಕರೆಯುವವರು ಹೊಸಬರು. ಹಳಬರು ನನ್ನನ್ನು ಕರೆಯುತ್ತಾರೆ. ನಾನು ಬಂದವಳೇ ಗೋಡೆಯನ್ನಾಗಲಿ ಸೂರನ್ನಾಗಲಿ ನೋಡುವುದಿಲ್ಲ. ನಡುಮನೆಯ ಮೂಲೆಯಲ್ಲಿ ಹಳೇ ಸೀರೆಯ ತುಂಡು ಹೊದ್ದು ಕೂತಿರುವ ಕಂಪ್ಯೂಟರಿನ ಮುಂದೆ ಹೋಗಿ ಕೂರುತ್ತೇನೆ. ಅದರೊಳಗಿನ ಫೈಲು ಕೆಟ್ಟಿದ್ದರೆ ಮನೆಯೂ ಕೆಟ್ಟಿರುತ್ತದೆ. ಎಲ್ಲ ಊರಲ್ಲೂ ಹೀಗೇ ಎಂದು ನಾನು ಮೂವತ್ತು ವರ್ಷದವಳಾಗುವ ತನಕ ನಂಬಿದ್ದೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಅತಿಯಾಗಿಯೇ ಹೊಂದಿಕೊಂಡಿದ್ದಾರೆ ಎಂಬುದು ನನ್ನ ದೂರು. ಹಿಟ್ಟಿನ ಗಿರಣಿಯವರ ಮನೆಯಲ್ಲಿ ಅಡುಗೆಮನೆಯ ಬಾಗಿಲು ತೆರೆದರೆ ಬಚ್ಚಲು ಸಿಗತೊಡಗಿದಾಗ ಅವರು ನನಗೆ ಹೇಳಿಕಳಿಸಿದ್ದು ಇಪ್ಪತ್ತು ದಿನದ ಮೇಲೆ. ಅಷ್ಟು ದಿನವೂ ಅವರ ಸೊಸೆ ಬಚ್ಚಲಲ್ಲೇ ಒಲೆ ಇಟ್ಟುಕೊಂಡು ಒಗ್ಗರಣೆ ಹಾಕಿದ್ದಳು. ಕೇಳಿದರೆ, "ನೀರು ಹತ್ರಾನೇ ಇತ್ತಲ್ಲ ಅಕ್ಕ, ಅನುಕೂಲಾನೇ ಆಗಿತ್ತು" ಎಂದಳು. ಹೇಳುವ ನಾನೇನು ಸಾಚಾ ಅಲ್ಲ. ನನ್ನ ಮನೆಯ ಅಟ್ಟದ ಮೆಟ್ಟಿಲುಗಳಲ್ಲಿ ಐದನೆಯದು ಇಲ್ಲ. ನಾಲ್ಕಾದ ಮೇಲೆ ಕಾಲು ತಾನಾಗಿ ಎತ್ತರಕ್ಕೆ ಹೋಗುತ್ತದೆ. ಊರವರ ಮನೆ ಸರಿಮಾಡುವುದರಲ್ಲಿ ನನ್ನ ಮನೆಗೆ ಪುರುಸೊತ್ತಾಗಿಲ್ಲ.

ಎಷ್ಟೇ ಸಡಿಲ ಜನರಾದರೂ ಕೆಲವು ಪದ್ಧತಿಗಳನ್ನು ಇಲ್ಲಿ ಯಾರೂ ಮುರಿಯುವುದಿಲ್ಲ. ಮನೆಯ ಫೈಲುಗಳನ್ನು ತಪಾಸಣೆಗೆ ಕೊಟ್ಟೆನೆಂದರೆ ಕರಿ ಪರದೆಯ ಮೇಲೆ ಎಣಿಕೆ ಶುರುವಾಗುತ್ತದೆ, ಶೇಕಡಾ ಒಂದು, ಎರಡು, ಮೂರು. ಅದು ನೂರು ಮುಟ್ಟುವ ತನಕ ಮನೆಯಲ್ಲಿದ್ದವರು ಕೂತಲ್ಲಿಂದ ಏಳುವಂತಿಲ್ಲ. ಒಬ್ಬರು ಎದ್ದರೂ ಎಣಿಕೆ ಸೊನ್ನೆಗೆ ಬರುತ್ತದೆ. ಹಾಗಾಗಿ ಮೊದಲೇ ಎಲ್ಲರೂ ಬಚ್ಚಲಿಗೆ ಹೋಗಿಬಂದು, ಪಕ್ಕದಲ್ಲಿ ನೀರಿಟ್ಟುಕೊಂಡು ಕೂರುತ್ತಾರೆ. ಹೊರಬಾಗಿಲಿಗೆ ಒಂದು ಮೊರ ಒರಗಿಸುತ್ತಾರೆ. ಮೊರ ಕಂಡರೆ ಹಾಲಿನವನೂ ಕೂಗುವುದಿಲ್ಲ.

ಇನ್ನೊಂದು ಪದ್ಧತಿ ಹೆಪ್ಪಿನದು. ಕೆಟ್ಟ ಫೈಲಿನ ಒಳ್ಳೆಯ ಪ್ರತಿ ಆ ಮನೆಯಲ್ಲೇ ಇಲ್ಲವಾದರೆ, ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ಕೇಳಿದ ಹಾಗೆ ಬೇರೆ ಮನೆಯಿಂದ ಕೇಳಿ ತರುತ್ತೇವೆ. ಮನೆ ಅದೇ ಕಾಲದ್ದು, ಅದೇ ನಮೂನೆಯದು ಆಗಿರಬೇಕು. ಕೊಟ್ಟವರು ಬಂದು, ನೂರಾಗುವ ತನಕ ಈ ಮನೆಯಲ್ಲಿ ಕೂರಬೇಕು. ಹೆಪ್ಪು ಕೊಟ್ಟ ಮನೆಯ ರುಚಿ ಮೊಸರಿಗೆ ಒಂದಿಷ್ಟು ಬರುವ ಹಾಗೆ ಇಲ್ಲೂ ಏನಾದರೊಂದು ಬಂದೇ ಬರುತ್ತದೆ. ನಾನೊಮ್ಮೆ ಅಂಚೆ ಕಚೇರಿಯ ಲಕ್ಷ್ಮೀದೇವಿಯಿಂದ ತಂದಿದ್ದೆ. ಅಂದಿನಿಂದ ಸಂಜೆ ನಾಲ್ಕಕ್ಕೆ ನನ್ನ ಮನೆಯಲ್ಲಿ, ಒಲೆ ಹಚ್ಚದೆಯೇ, ಅವಳ ಮನೆಯ ಇಂಗಿನ ವಾಸನೆ ಬರುತ್ತದೆ.

ಮೂರನೆಯ ಪದ್ಧತಿಗೆ ಹೊರಗಿನ ಊರಿನವರು ನಗುತ್ತಾರೆ. ಜಗಳವಿದ್ದರೆ ನಾವು ಬೀದಿಗೆ ಬರುತ್ತೇವೆ. ಒಳಗೆ ಸಿಟ್ಟಿನಲ್ಲಿ ಆಡಿದ ಮಾತನ್ನು ಮನೆ ಅಪ್ಪಣೆ ಎಂದು ತೆಗೆದುಕೊಂಡುಬಿಡುತ್ತದೆ. ಗಂಡ ಹೆಂಡತಿ ಮುಖ ಕೆಂಪಗೆ ಮಾಡಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲು ಎಳೆದುಕೊಂಡು ಆಚೆ ಬಂದು ಬೇಕಾದ್ದೆಲ್ಲ ಬೈದಾಡಿ, ಮುಗಿದ ಮೇಲೆ ಒಳಗೆ ಹೋಗುತ್ತಾರೆ. ನಾಚಿಕೆಯಿಲ್ಲದ ಜನ ಎಂದು ನಮಗೆ ಹೆಸರು. ಇರಲಿ.

ಒಂದು ಶುಕ್ರವಾರ ಬೆಳಗ್ಗೆ ದಾಕ್ಷಾಯಿಣಿ ನನ್ನ ಬಾಗಿಲಿಗೆ ಬಂದಳು. ಹಾಲಿನ ಡೈರಿಯಲ್ಲಿ ಕೊಬ್ಬಿನಂಶ ನೋಡುವ ಕೆಲಸ ಅವಳದು. ನೀರು ಬೆರೆಸಿ ತಂದವರ ಮುಖಕ್ಕೇ ಹೇಳುವ ಗಟ್ಟಿ ಹೆಂಗಸು. ಅವತ್ತು ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದಿದ್ದಳು. "ಪಂಕಜಕ್ಕ, ಅಪ್ಪ ಬಿದ್ಬಿಟ್ರು. ಮನೆ ಕೈಕೊಡ್ತಾ ಇದೆ" ಎಂದಳು.

ಅವಳ ಅಪ್ಪ ಶಿವರುದ್ರಯ್ಯನವರು ಊರಿಗೆಲ್ಲ ಕುರ್ಚಿಗೆ ಬೆತ್ತ ಹೆಣೆದುಕೊಡುವವರು. ನಲವತ್ತರ ಹೊತ್ತಿಗೆ ಕಣ್ಣು ಮಂಜಾಗುತ್ತ ಬಂದು, ಈಗ ಇಪ್ಪತ್ತೆರಡು ವರ್ಷದಿಂದ ಪೂರ್ತಿ ಕತ್ತಲೆ. ಬೀದಿಗೆ ಬಂದರೆ ಮಗಳ ಭುಜ ಬೇಕು. ಮನೆಯೊಳಗೆ ಮಾತ್ರ ಅವರ ನಡಿಗೆ ನೋಡಿದವರಿಗೆ ಕಣ್ಣಿಲ್ಲವೆಂದು ಹೊಳೆಯುವುದಿಲ್ಲ. ನಡುಮನೆಯಿಂದ ಅಡುಗೆಮನೆಗೆ ಹೋಗುವ ಪ್ಯಾಸೇಜು ಏಳು ಹೆಜ್ಜೆ. ಬಲಗೈ ಗೋಡೆಗೆ ತಾಗಿಸಿಕೊಂಡು ನಡೆದೂ ನಡೆದೂ ಅಲ್ಲಿ ಸುಣ್ಣ ಸವೆದು, ಸೊಂಟದೆತ್ತರಕ್ಕೆ ನುಣುಪಾದ ಒಂದು ಗೆರೆ ಬಿದ್ದಿದೆ. ಆ ಏಳು ಹೆಜ್ಜೆ ಈಚೆಗೆ ಒಮ್ಮೆ ಐದಾಗುತ್ತಿತ್ತು, ಒಮ್ಮೆ ಹನ್ನೊಂದಾಗುತ್ತಿತ್ತು. ಗೋಡೆ ಇರುವ ಕಡೆ ಗೋಡೆ ಇರಲಿಲ್ಲ. ಗುರುವಾರ ಕಾಫಿ ಲೋಟ ಹಿಡಿದು ಬಂದವರು ಇಲ್ಲದ ಗೋಡೆಗೆ ಕೈಯೂರಿ ಬಿದ್ದರು. ಹಣೆಗೆ ಮೂರು ಹೊಲಿಗೆ.

ನಾನು ಹೋದಾಗ ಅವರು ಹಣೆಗೆ ಪಟ್ಟಿ ಕಟ್ಟಿಕೊಂಡೇ ಒಂದು ಕುರ್ಚಿಯನ್ನು ತೊಡೆ ಮೇಲಿಟ್ಟುಕೊಂಡು ಬೆತ್ತ ಎಳೆಯುತ್ತಿದ್ದರು. "ಬನ್ನಿ ಪಂಕಜಮ್ಮ. ಕೂತಿರಿ ಅಂತ ನಂಗೆ ಹೇಳೋದೇ ಬೇಡ, ನನ್ನ ಕಸುಬೇ ಅದು" ಎಂದರು. ದಾಕ್ಷಾಯಿಣಿ ಮೊರ ಒರಗಿಸಿ ಬಂದು ಗೋಡೆಗೆ ಆನಿಕೊಂಡು ಕೂತಳು. ನಾನು ಮೊದಲು ಡಿಸ್ಕು ನೋಡಿದೆ. ಅದು ಗಟ್ಟಿಯಾಗಿತ್ತು. ಆಮೇಲೆ ತಪಾಸಣೆಗೆ ಕೊಟ್ಟೆ. ಎಣಿಕೆ ಸರಾಗವಾಗಿ ಏರಿ ಅರವತ್ತೆರಡಕ್ಕೆ ಬಂದು ನಿಂತಿತು. ಅರ್ಧ ಗಂಟೆ ಕಾದೆವು. ಕೊನೆಗೆ, ಕೆಟ್ಟ ಫೈಲುಗಳು ಸಿಕ್ಕಿವೆ, ಕೆಲವನ್ನು ಸರಿಪಡಿಸಲು ಆಗಲಿಲ್ಲ ಎಂಬ ಸಾಲು ಬಂತು. ಮನೆ ತನ್ನಲ್ಲೇ ಇಟ್ಟುಕೊಂಡಿದ್ದ ಒಳ್ಳೆಯ ಪ್ರತಿಗಳೂ ಹಾಳಾಗಿದ್ದವು.

ಈ ಫೈಲುಗಳನ್ನು ಕೊಡುವ ಮೇಲಿನ ಕಚೇರಿಗೆ ಫೋನ್ ಮಾಡಿದೆ. ಆ ಮನೆಯಲ್ಲಿರುವ ಆವೃತ್ತಿಯನ್ನು ನಾಲ್ಕು ವರ್ಷದ ಹಿಂದೆಯೇ ಕೈಬಿಟ್ಟಿದ್ದೇವೆ, ಎಲ್ಲವನ್ನೂ ಅಳಿಸಿ ಹೊಸದು ತುಂಬಿ ಎಂದು ಹೇಳಿ ಇಟ್ಟುಬಿಟ್ಟರು. ಅವರಿಗೇನು, ಹೇಳುವುದು ಸುಲಭ. ನಾನು ಅದನ್ನೇ ಮೆಲ್ಲಗೆ ಹೇಳಿದೆ. ಶಿವರುದ್ರಯ್ಯನವರ ಕೈ ನಿಂತಿತು. "ಹೊಸದು ತುಂಬಿದ್ರೆ ಮನೆಗೆ ನನ್ನ ಗುರುತು ಇರುತ್ತಾ?" ಎಂದು ಕೇಳಿದರು. "ಇರಲ್ಲ" ಎಂದೆ. ಸುಳ್ಳು ಹೇಳಿ ಏನು ಮಾಡಲಿ? ಹೊಸದು ತುಂಬಿದ ಮನೆಗಳನ್ನು ನಾನು ನೋಡಿದ್ದೇನೆ. ಗೋಡೆಯ ಮೇಲೆ ಒಂದು ಕಲೆ ಉಳಿದಿರುವುದಿಲ್ಲ, ಹೊಸ್ತಿಲು ಒಂದಿಷ್ಟು ಸವೆದಿರುವುದಿಲ್ಲ. ಕೋಣೆಗಳ ಅಳತೆಯೂ ಬೇರೆಯೇ. ಕಣ್ಣಿದ್ದವರೇ ತಿಂಗಳುಗಟ್ಟಲೆ ಮೊಣಕಾಲು ತಗಲಿಸಿಕೊಂಡು ಓಡಾಡುತ್ತಾರೆ.

"ಇಪ್ಪತ್ತೆರಡು ವರ್ಷ ನಾನು ಮನೆಗೆ ಹೇಳ್ಕೊಟ್ಟೆ, ಮನೆ ನಂಗೆ ಹೇಳ್ಕೊಡ್ತು" ಎಂದರು ಅವರು. "ಈಗ ನಂಗೆ ಅರವತ್ಮೂರು. ಮತ್ತೆ ಮೊದಲಿಂದ ತಡಕಾಡೋಕೆ ನನ್ನ ಕೈಲಾಗಲ್ಲ ಪಂಕಜಮ್ಮ." ದಾಕ್ಷಾಯಿಣಿ, "ನಾನು ಡೈರಿ ಬಿಟ್ಟು ಮನೇಲಿರ್ತೀನಿ ಬಿಡಪ್ಪ" ಎಂದಳು. "ನೀನು ಕೆಲಸ ಬಿಟ್ರೆ ನಾನು ಊಟ ಬಿಡ್ತೀನಿ" ಎಂದು ಅವರು ಮತ್ತೆ ಬೆತ್ತ ಎಳೆಯತೊಡಗಿದರು. ಅದು ಬರೀ ಬೆದರಿಕೆಯಲ್ಲ ಎಂದು ಅಪ್ಪ ಮಗಳಿಬ್ಬರನ್ನೂ ಬಲ್ಲ ನನಗೆ ಗೊತ್ತಿತ್ತು.

ಅದೇ ಆವೃತ್ತಿಯ ಬೇರೆ ಮನೆ ಊರಲ್ಲಿ ಇದೆಯಾ ಎಂದು ಕೇಳಿದೆ. ಶಿವರುದ್ರಯ್ಯನವರು ಕೇಳಿಸದವರಂತೆ ಇದ್ದರು. ದಾಕ್ಷಾಯಿಣಿ ತುಟಿ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು. ನಾನು ಮನೆಯ ದಾಖಲೆಯ ಫೈಲನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಹೊರಟೆ. ಅವಳು ಬೀದಿಯ ತಿರುವಿನ ತನಕ ಬಂದು ಬಾಯಿಬಿಟ್ಟಳು. "ನಮ್ಮತ್ತೆ ಮನೆ ಇದೆ. ತಾತ ಎರಡು ಮನೇನೂ ಒಂದೇ ಅಳತೆಗೆ ಕಟ್ಸಿ, ಒಂದೇ ದಿನ ಒಂದೇ ಡಿಸ್ಕಿಂದ ತುಂಬ್ಸಿದ್ದು. ಆದ್ರೆ ಅತ್ತೆ ಹೆಸರು ಒಳಗೆ ಎತ್ತೋ ಹಾಗಿಲ್ಲ."

ಅತ್ತೆ ಎಂದರೆ ಶಿವರುದ್ರಯ್ಯನವರ ಅಕ್ಕ ಚೆನ್ನಾಜಮ್ಮ. ಒಂಬತ್ತು ವರ್ಷದ ಹಿಂದೆ ದಾಕ್ಷಾಯಿಣಿ ತರಬೇತಿಗೆಂದು ಪರಊರಿಗೆ ಹೋದಾಗ ಆಕೆ ತಮ್ಮನ ಮನೆಯಲ್ಲಿದ್ದು ನೋಡಿಕೊಂಡರು. ತಮ್ಮನ ಮೇಲೆ ಜೀವ. ಸುಮ್ಮನಿರುವ ಜಾಯಮಾನವೂ ಅಲ್ಲ. ಮನೆ ಗುಡಿಸಿ ಸಾರಿಸಿ, ಅಡ್ಡಾದಿಡ್ಡಿ ಇದೆ ಎಂದು ಕಂಡದ್ದನ್ನೆಲ್ಲ ಓರಣ ಮಾಡಿದರು. ಕಿಟಕಿ ಕೆಳಗಿದ್ದ ಸ್ಟೂಲನ್ನು ಪ್ಯಾಸೇಜಿನ ಬಾಯಿಗೆ ಇಟ್ಟರು. ಮಾರನೇ ದಿನ ತಮ್ಮ ಅದಕ್ಕೆ ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನೋವಿನಲ್ಲಿ ಬಾಯಿಗೆ ಬಂದಂತೆ ಬೈದರು. ಬೈಯಲು ಬೀದಿಗೆ ಹೋಗಬೇಕಿತ್ತು ನಿಜ. ಸೊಂಟ ಮುರಿದವರು ಹೇಗೆ ಹೋದಾರು? ಮಲಗಿದಲ್ಲೇ, ಮನೆಯೊಳಗೇ, ಅವಳು ಈ ಹೊಸ್ತಿಲು ದಾಟಬಾರದು ಎಂದರು. ಚೆನ್ನಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೊರಟುಹೋದರು. ಆಮೇಲೆ ಇಬ್ಬರೂ ಮಾತಾಡಿಲ್ಲ.

ಮಧ್ಯಾಹ್ನ ಊಟ ಮುಗಿಸಿ ನಾನು ಆ ದಾಖಲೆಯನ್ನು ತೆರೆದೆ. ಮನೆ ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿ ಅದು, ಸಾವಿರಾರು ಸಾಲು. ನಮ್ಮ ಕಸುಬಿನಲ್ಲಿ ಅದನ್ನು ಓದಬಹುದು, ಮನೆಯವರಿಗೆ ಓದಿ ಹೇಳುವಂತಿಲ್ಲ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಯಾವ ಕೋಣೆಯಲ್ಲಿ ಅತ್ತರು ಎಲ್ಲವೂ ಅದರಲ್ಲಿರುತ್ತದೆ. ಬಾಯಿಗೆ ಬೀಗ ಹಾಕಿಕೊಂಡಿರುವುದರಿಂದಲೇ ಜನ ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಕೆಟ್ಟಿದ್ದು ಎಲ್ಲಿಂದ ಎಂದು ಹುಡುಕುತ್ತ ಹಿಂದೆ ಹಿಂದೆ ಹೋದೆ. ಒಂಬತ್ತು ವರ್ಷದ ಹಿಂದಿನ ಒಂದು ಸಾಲು ಹೀಗಿತ್ತು: ಯಜಮಾನರ ಮಾತು, ಅವಳು ಈ ಹೊಸ್ತಿಲು ದಾಟಬಾರದು, ಸ್ವೀಕರಿಸಲಾಯಿತು. ಅದರ ಮುಂದಿನ ಸೋಮವಾರ, ಬೆಳಗ್ಗೆ ಹತ್ತೂವರೆ: ಹೊರಗಿನಿಂದ ಬಾಗಿಲು ತಳ್ಳಲಾಯಿತು, ತಡೆಯಲಾಯಿತು. ಅದರ ಮುಂದಿನ ಸೋಮವಾರವೂ ಅದೇ. ಅದರ ಮುಂದಿನದೂ. ನಾನು ಎಣಿಸಿದೆ. ನಾನೂರ ಐವತ್ತೊಂದು ಸೋಮವಾರ.

ಮನೆ ಕೆಟ್ಟಿದ್ದು ಹೀಗೆ. ಬಾಗಿಲಿನ ಫೈಲನ್ನು ವಾರ ವಾರವೂ ಒರೆಸಿ ಬರೆದು, ಒರೆಸಿ ಬರೆದು, ಸ್ಲೇಟು ಸವೆದ ಹಾಗೆ ಅದು ಸವೆದಿತ್ತು. ಅದರ ಪಕ್ಕದಲ್ಲಿದ್ದ ಪ್ಯಾಸೇಜಿನ ಫೈಲನ್ನೂ ಜೊತೆಗೆ ಕೆಡಿಸಿತ್ತು. ನಾನು ಆ ಸಾಲುಗಳನ್ನು ಒಂದು ಹಾಳೆಯ ಮೇಲೆ ಬರೆದು ಚೀಲಕ್ಕೆ ಹಾಕಿಕೊಂಡು, ಸೀರೆ ತುಂಡನ್ನು ನನ್ನ ಕಂಪ್ಯೂಟರಿನ ಮೇಲೆ ಹೊದಿಸಿದೆ.

ಶನಿವಾರ ಚೆನ್ನಾಜಮ್ಮನವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಆಕೆ ಅಡುಗೆಮನೆ ಕಡೆಯಿಂದ ಬರುತ್ತಿದ್ದರು, ಕಣ್ಣು ಮುಚ್ಚಿಕೊಂಡು, ಒಂದು ಕೈಯನ್ನು ಗೋಡೆಗೆ ತಾಗಿಸಿಕೊಂಡು. ನನ್ನ ಹೆಜ್ಜೆ ಕೇಳಿ ತಟ್ಟನೆ ಕಣ್ಣು ಬಿಟ್ಟರು. ಕಣ್ಣಿಗೆ ಔಷಧಿ ಬಿಟ್ಟುಕೊಂಡಿರಬೇಕು ಎಂದುಕೊಂಡೆ. ಕಿಟಕಿ ಕೆಳಗೆ, ಶಿವರುದ್ರಯ್ಯನವರ ಮನೆಯಲ್ಲಿ ಇದ್ದ ಜಾಗದಲ್ಲೇ, ಒಂದು ಸ್ಟೂಲಿತ್ತು. ಅವಳಿ ಮನೆಗಳಲ್ಲವೇ, ಇರಲಿ ಎಂದುಕೊಂಡೆ. ಕಣ್ಣಿದ್ದೂ ಕಾಣದವಳು ನಾನು.

ವಿಷಯ ಹೇಳಿದೆ. ತಮ್ಮನ ಹಣೆಯ ಹೊಲಿಗೆ ಎಂದಾಗ ಆಕೆ ತಮ್ಮದೇ ಹಣೆಯನ್ನು ಮುಟ್ಟಿಕೊಂಡರು. "ಫೈಲ್ ಏನಮ್ಮ, ಬೇಕಾದ್ರೆ ಇಡೀ ಮನೇನೇ ತಗೊಂಡ್ಹೋಗು" ಎಂದರು. "ಆದ್ರೆ ಕೊಟ್ಟೋಳು ಅಲ್ಲಿ ಕೂರಬೇಕಲ್ಲ. ಅವನು ನನ್ನ ಒಳಗೆ ಬಿಡಬೇಕಲ್ಲ. ಸೋಮವಾರ ಸೋಮವಾರ ಸಂತೆ ಮುಗಿಸ್ಕೊಂಡು ಹೋಗ್ತೀನಿ. ಬಾಗಿಲು ತಳ್ತೀನಿ. ಒಳಗಿಂದ ಚಿಲಕ ಹಾಕ್ಕೊಂಡು ಕೂತಿರ್ತಾನೆ. ನಾನು ಬರೋ ಹೊತ್ತು ನೋಡ್ಕೊಂಡೇ ಹಾಕ್ತಾನೆ ಅಂತ ಕಾಣತ್ತೆ." ಕುರ್ಚಿ ಕೊಡಲು ಬರುವವರಿಗೆ ಅನುಕೂಲವಾಗಲೆಂದು ಆ ಮನೆಗೆ ಹಗಲಲ್ಲಿ ಯಾರೂ ಚಿಲಕ ಹಾಕುವುದಿಲ್ಲ. ಅದು ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದು, ಕಸುಬಿನ ಕಟ್ಟು ನೆನಪಾಗಿ ಮುಚ್ಚಿಕೊಂಡೆ. "ಸೋಮವಾರ ಹತ್ತೂವರೆಗೆ ಪೆನ್‌ಡ್ರೈವ್ ತಗೊಂಡು ಬನ್ನಿ. ಹೇಗೂ ಬರ್ತೀರಲ್ಲ" ಎಂದಷ್ಟೇ ಹೇಳಿ, ಬೇಕಾದ ಫೈಲುಗಳನ್ನು ಆಕೆಯ ಕಂಪ್ಯೂಟರಿನಿಂದ ಇಳಿಸಿಕೊಟ್ಟು ಬಂದೆ.

ಭಾನುವಾರ ಶಿವರುದ್ರಯ್ಯನವರ ಮುಂದೆ ಕೂತೆ. ಸುತ್ತಿಬಳಸದೆ ಚೆನ್ನಾಜಮ್ಮನವರ ಹೆಸರು ಹೇಳಿದೆ. ಅವರು ಸಿಟ್ಟಾಗಲಿಲ್ಲ. ಬೆತ್ತದ ತುದಿಯನ್ನು ನೀರಿನ ಬೋಗುಣಿಯಲ್ಲಿ ಅದ್ದುತ್ತ, "ಅವಳು ಬರ್ತಾಳೆ, ನಂಗೊತ್ತು" ಎಂದರು. "ಪ್ರತಿ ಸೋಮವಾರ ಬರ್ತಾಳೆ. ಎಡಗಾಲಿನ ಚಪ್ಪಲಿ ಎಳೀತಾಳೆ, ಚಿಕ್ಕಂದಿನಿಂದ್ಲೂ ಹಾಗೇ. ಬಾಗಿಲ ಹತ್ರ ನಿಲ್ತಾಳೆ. ಹೋಗ್ತಾಳೆ. ಒಂದು ಸಲ, ಒಂದೇ ಒಂದು ಸಲ ಬಾಗಿಲು ತಳ್ಳಿದ್ರೆ ನಾನು ಬಾ ಅಂತಿದ್ದೆ. ಬಾಗಿಲು ಸದ್ದೇ ಮಾಡಲ್ಲ. ಕುರುಡ ಇದಾನೋ ಸತ್ನೋ ಅಂತ ನೋಡ್ಕೊಂಡು ಹೋಗೋಕೆ ಬರ್ತಾಳೆ ಅಷ್ಟೆ."

ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಮುರಿಯದ ಕಟ್ಟನ್ನು ನಾನು ಅಲ್ಲಿ ಮುರಿದೆ. ಮುರಿದದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಚೀಲದಿಂದ ಹಾಳೆ ತೆಗೆದು ಓದಿದೆ. "ಸೋಮವಾರ, ಹತ್ತೂವರೆ. ಹೊರಗಿನಿಂದ ಬಾಗಿಲು ತಳ್ಳಲಾಯಿತು. ತಡೆಯಲಾಯಿತು." ಮುಂದಿನ ಸಾಲು ಓದಿದೆ. ಅದರ ಮುಂದಿನದು ಓದಿದೆ. ಅವರು ಕೈ ಎತ್ತಿ ನಿಲ್ಲಿಸಿದರು. "ತಳ್ಳಿದ್ಲಾ?" ಎಂದರು. "ನಾನೂರ ಐವತ್ತೊಂದು ಸಲ ತಳ್ಳಿದಾರೆ" ಎಂದೆ. "ಸದ್ದು ಬರದ ಹಾಗೆ ಮನೆ ಹಿಡ್ಕೊಂಡಿತ್ತು. ನೀವು ಹೇಳಿದ್ದನ್ನೇ ಅದು ಮಾಡಿದ್ದು." ಬೆತ್ತ ಬೋಗುಣಿಯಲ್ಲೇ ಇತ್ತು. ಕಣ್ಣಿಲ್ಲದವರೂ ಕಣ್ಣಲ್ಲೇ ಅಳಬೇಕಲ್ಲ. ದಾಕ್ಷಾಯಿಣಿ ಬಂದು ಅವರ ಹೆಗಲ ಮೇಲೆ ಕೈಯಿಟ್ಟಳು.

ಸೋಮವಾರ ಹತ್ತೂವರೆಗೆ ಸರಿಯಾಗಿ ಬೀದಿಯಲ್ಲಿ ಚಪ್ಪಲಿ ಎಳೆಯುವ ಸದ್ದು ಕೇಳಿತು. ಶಿವರುದ್ರಯ್ಯನವರು ಒಗೆದ ಪಂಚೆ ಉಟ್ಟು, ಬೆಳಗಿನಿಂದ ಬಾಗಿಲ ಒಳಗಡೆಯೇ ನಿಂತಿದ್ದರು. ಸದ್ದು ನಿಂತಿತು. "ಅಕ್ಕ, ಒಳಗೆ ಬಾ" ಎಂದರು. ಹೊರಗಿನಿಂದ, "ಚಿಲಕ ತೆಗಿಯೋ" ಎಂದು ಚೆನ್ನಾಜಮ್ಮನವರ ದನಿ ಬಂತು. "ಚಿಲಕ ಹಾಕೇ ಇಲ್ಲ" ಎಂದರು ಇವರು. ಆಕೆ ಹೊರಗಿನಿಂದ ತಳ್ಳಿದರು, ನಾವು ಮೂವರೂ ಒಳಗಿನಿಂದ ಎಳೆದೆವು. ಬಾಗಿಲು ಮಿಸುಕಲಿಲ್ಲ. ಯಜಮಾನರು ಬಾ ಎಂದದ್ದನ್ನು ಬರೆದುಕೊಳ್ಳಲು ಆ ಫೈಲಿನಲ್ಲಿ ಜಾಗವೇ ಉಳಿದಿರಲಿಲ್ಲ. ಆಕೆ ಮೂರು ಹೆಜ್ಜೆ ದೂರ ನಿಂತರೆ ಬಾಗಿಲು ನನಗೆ ಧಾರಾಳವಾಗಿ ತೆರೆಯಿತು. ನಾನು ಹೊರಗೆ ಹೋಗಿ ಆಕೆಯ ಕೈ ಹಿಡಿದುಕೊಂಡೇ ಒಳಗೆ ಬಂದೆ, ಆದರೆ ನನ್ನ ಹಿಮ್ಮಡಿಗೂ ಆಕೆಯ ಕಾಲ್ಬೆರಳಿಗೂ ನಡುವೆ ಬಾಗಿಲು ಮುಚ್ಚಿಕೊಂಡಿತು. ಕೈ ಬಿಡಬೇಕಾಯಿತು.

ಎಲ್ಲರೂ ನನ್ನ ಮುಖ ನೋಡಿದರು. ಶಿವರುದ್ರಯ್ಯನವರೂ ನನ್ನ ಕಡೆಗೇ ತಿರುಗಿದ್ದರು. ಕೊಟ್ಟವರು ಮನೆಯಲ್ಲಿ ಕೂರಬೇಕು ಎಂಬುದು ಪದ್ಧತಿ. ಕೂರದಿದ್ದರೆ ಫೈಲು ಹಿಡಿಯುವುದಿಲ್ಲ. ಹಿಡಿಯದಿದ್ದರೆ ಅಳಿಸುವುದೊಂದೇ ದಾರಿ. ನಾನು ತಲೆ ಕೆರೆದುಕೊಂಡು ಕಿಟಕಿಯಿಂದ ಮೇಲೆ ನೋಡಿದೆ. ಹೊರಗಿನ ಜಗಲಿಯ ಮೇಲೂ ಇದೇ ಮನೆಯ ಹೆಂಚು ಬಂದಿತ್ತು. "ಜಗಲೀನೂ ಮನೇನೇ" ಎಂದು ತೀರ್ಪು ಕೊಟ್ಟೆ. ಹಾಗೆಂದು ಯಾರೂ ನನಗೆ ಕಲಿಸಿರಲಿಲ್ಲ. ಆದರೆ ನಮ್ಮೂರಲ್ಲಿ ನನಗಿಂತ ಹಿರಿಯ ತಪಾಸಣೆಯವರು ಉಳಿದಿಲ್ಲವಾದ್ದರಿಂದ ನಾನು ಹೇಳಿದ್ದೇ ಪದ್ಧತಿ.

ಚೆನ್ನಾಜಮ್ಮ ಪೆನ್‌ಡ್ರೈವನ್ನು ಕಿಟಕಿಯಿಂದ ಕೊಟ್ಟು, ತಾವೇ ಮೊರ ಒರಗಿಸಿ, ಜಗಲಿಯ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಶಿವರುದ್ರಯ್ಯನವರು ಕುರ್ಚಿ ಬೇಡವೆಂದು, ಒಳಗಡೆ ನೆಲದ ಮೇಲೆ ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ನಡುವೆ ಒಂದೂವರೆ ಅಂಗುಲದ ಹಲಗೆ. ನಾನು ಪೆನ್‌ಡ್ರೈವ್ ಚುಚ್ಚಿ, ಒಳ್ಳೆಯ ಪ್ರತಿಗಳನ್ನು ಎಲ್ಲಿಂದ ತೆಗೆದುಕೊಳ್ಳಬೇಕೆಂದು ಯಂತ್ರಕ್ಕೆ ಹೇಳಿ, ತಪಾಸಣೆಗೆ ಕೊಟ್ಟೆ.

ಎಣಿಕೆ ಮೂವತ್ತು ಮುಟ್ಟುವ ಹೊತ್ತಿಗೆ ಹೊರಗಿನಿಂದ, "ಹಣೆ ನೋಯುತ್ತಾ?" ಎಂದು ಕೇಳಿತು. "ಇಲ್ಲ" ಎಂದರು ಇವರು. ನಲವತ್ತರಲ್ಲಿ ಇವರು, "ನಿನ್ನ ಮಂಡಿ?" ಎಂದರು. "ಇದೆ ಹಾಗೇ" ಎಂದು ಉತ್ತರ. ಒಂಬತ್ತು ವರ್ಷ ಮಾತು ಬಿಟ್ಟವರು ಆಡುವ ಮಾತು ಇಷ್ಟೇ ಆದರೆ ಇವರು ನೂರಕ್ಕೆ ಮುಂಚೆ ಊಟದ ವಿಚಾರಕ್ಕೂ ಬರುವುದಿಲ್ಲವಲ್ಲ ಎಂದು ನನಗೆ ಚಡಪಡಿಕೆ. ಐವತ್ತೈದು. ಅರವತ್ತು. ಅರವತ್ತೆರಡಕ್ಕೆ ಬಂದು ಎಣಿಕೆ ನಿಂತಿತು.

ಐದು ನಿಮಿಷವಾಯಿತು. ಹದಿನೈದಾಯಿತು. ದಾಕ್ಷಾಯಿಣಿ ಗೋಡೆಗೆ ತಲೆಯೊರಗಿಸಿ ಕಣ್ಣು ಮುಚ್ಚಿದ್ದಳು. ಅವಳು ಡೈರಿಗೆ ಕೊಡಬೇಕಾದ ಅರ್ಜಿಯನ್ನು ಮನಸ್ಸಿನಲ್ಲೇ ಬರೆಯುತ್ತಿದ್ದಾಳೆ ಎಂದು ನನಗೆ ಅನ್ನಿಸಿತು. "ಎಷ್ಟಾಯ್ತು ಪಂಕಜಮ್ಮ?" ಎಂದರು ಶಿವರುದ್ರಯ್ಯನವರು. "ಅರವತ್ತೆರಡು." "ಮೊನ್ನೆ ಶುಕ್ರವಾರಾನೂ ಅರವತ್ತೆರಡೇ ಅಂದಿದ್ರಿ."

ಅವರು ತಲೆಯನ್ನು ಹಿಂದಕ್ಕೆ ಬಾಗಿಲಿಗೆ ಆನಿಸಿದರು. "ಅಕ್ಕ, ನೀನು ತಳ್ಳಿದ್ದು ನಂಗೆ ಗೊತ್ತಾಗ್ಲಿಲ್ಲ" ಎಂದರು. "ಗೊತ್ತಾಗಿದ್ರೆ ಎದ್ದು ಬರ್ತಿದ್ದೆ. ತೆವಳ್ಕೊಂಡಾದ್ರೂ ಬರ್ತಿದ್ದೆ." ಹೊರಗೆ ಮೂಗು ಸೀಟಿಕೊಂಡ ಸದ್ದಾಯಿತು. "ಚಿಲಕ ಹಾಕ್ಕೊಂಡಿದೀಯ ಅಂತ ತಿಳ್ಕೊಂಡಿದ್ದೆ ಕಣೋ" ಎಂದರು ಚೆನ್ನಾಜಮ್ಮ. "ಹಾಕ್ಕೊಳ್ಲಿ ಬಿಡು, ಸ್ಟೂಲಿಟ್ಟೋಳು ನಾನೇ ತಾನೆ ಅಂದ್ಕೊಂಡು ವಾಪಸ್ ಹೋಗ್ತಿದ್ದೆ." "ವಾರ ವಾರ ಯಾಕೆ ಬರ್ತಿದ್ದೆ ಮತ್ತೆ?" ಎಂದರು ಇವರು. "ಒಂದಲ್ಲ ಒಂದು ವಾರ ಹಾಕೋದು ಮರೀತೀಯ ಅಂತ" ಎಂದರು ಆಕೆ.

ಪರದೆ ನೋಡಿದೆ. ಅರವತ್ಮೂರು. ಆ ಮಾತಿನಿಂದಲೇ ಹಾಗಾಯಿತೆಂದು ನಾನು ಹೇಳುವುದಿಲ್ಲ. ಈ ಯಂತ್ರಗಳು ಅರವತ್ತೆರಡರ ಹತ್ತಿರ ಹೀಗೆ ಸತಾಯಿಸುವುದನ್ನು ಬೇರೆ ಮನೆಗಳಲ್ಲೂ ನೋಡಿದ್ದೇನೆ. ಆದರೂ, ಅಷ್ಟರಲ್ಲಿ ಕಣ್ಣು ಬಿಟ್ಟಿದ್ದ ದಾಕ್ಷಾಯಿಣಿಗೆ ಬೆರಳೆತ್ತಿ ಮೂರು ತೋರಿಸಿದೆ. ಅಲ್ಲಿಂದ ಮುಂದೆ ಎಣಿಕೆ ಒಂದೇ ಸಮನೆ ಏರಿತು, ಬಾಗಿಲ ಎರಡೂ ಕಡೆಯ ಮಾತೂ ಹಾಗೇ ಏರಿತು. ಅಪ್ಪನ ಕಾಲದ ಹಸುವಿನ ಹೆಸರೇನು ಎಂಬಲ್ಲಿಗೆ ಬಂದು ಇಬ್ಬರಿಗೂ ಒಪ್ಪಿಗೆಯಾಗದೆ ದನಿ ಜೋರಾಗುವ ಹೊತ್ತಿಗೆ ನೂರಾಯಿತು. ಕೆಟ್ಟ ಫೈಲುಗಳನ್ನು ಸರಿಪಡಿಸಲಾಗಿದೆ ಎಂಬ ಸಾಲು ಬಂತು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ. ಮನೆ ಒಮ್ಮೆ ನಿಟ್ಟುಸಿರು ಬಿಟ್ಟ ಹಾಗೆ ಸೂರಿನಲ್ಲಿ ಒಂದು ಸದ್ದಾಯಿತು.

"ಈಗ ಏಳಬಹುದು" ಎಂದೆ. ಶಿವರುದ್ರಯ್ಯನವರು ಗೋಡೆ ಹಿಡಿದು ಎದ್ದು, ಪಕ್ಕಕ್ಕೆ ಸರಿದು, "ಅಕ್ಕ, ಒಳಗೆ ಬಾ" ಎಂದು ಇನ್ನೊಮ್ಮೆ ಹೇಳಿದರು. ಚೆನ್ನಾಜಮ್ಮ ಒಂಬತ್ತು ವರ್ಷದ ಅಭ್ಯಾಸದಲ್ಲಿ ಮೈಯೆಲ್ಲ ಕೊಟ್ಟು ತಳ್ಳಿದರು. ಬಾಗಿಲು ಈ ಸಲ ಹಗುರವಾಗಿ ತೆರೆದುಕೊಂಡಿತು. ಆಕೆ ಮುಗ್ಗರಿಸಿ ತಮ್ಮನ ಎದೆಗೇ ಬಂದು ಬಿದ್ದರು. "ಮತ್ತೆ ನನ್ನ ಬೀಳಿಸ್ಬೇಕು ಅಂತಾನೇ ಬಂದ್ಯಾ?" ಎಂದರು ಶಿವರುದ್ರಯ್ಯನವರು. ಆಕೆ ನಗುತ್ತ ಅಳುತ್ತ ಅವರ ಹಣೆಯ ಪಟ್ಟಿಯನ್ನು ಮುಟ್ಟಿ ನೋಡಿದರು.

ಆದರೂ ನನ್ನ ಕೆಲಸ ಮುಗಿದಿರಲಿಲ್ಲ. ಪ್ಯಾಸೇಜು ನೋಡಬೇಕಿತ್ತು. "ನಡೆದು ನೋಡಿ" ಎಂದೆ. ದಾಕ್ಷಾಯಿಣಿ ಕೈ ಹಿಡಿಯಲು ಬಂದಳು. ಅವರು ಬೇಡವೆಂದು ಪ್ಯಾಸೇಜಿನ ಬಾಯಿಗೆ ಹೋಗಿ ನಿಂತು, ಬಲಗೈಯನ್ನು ಗೋಡೆಗೆ ಚಾಚಿದರು. ಗೋಡೆ ಅಲ್ಲೇ ಇತ್ತು. ಒಂದು, ಎರಡು ಎಂದು ಎಣಿಸುತ್ತ ಹೊರಟರು. ನಾಲ್ಕನೇ ಹೆಜ್ಜೆಗೆ ನಿಂತರು. ಅವರು ಕೈಯನ್ನು ಗೋಡೆಯ ಮೇಲೆ ಕೆಳಕ್ಕೆ ಜಾರಿಸಿ, ಮುಂದೆ ಹಿಂದೆ ಸವರಿದರು. "ಇಲ್ಲಿ ಇನ್ನೊಂದು ಗೆರೆ ಇದೆ" ಎಂದರು.

ನಾನು ಹತ್ತಿರ ಹೋಗಿ ನೋಡಿದೆ. ಅವರ ಗೆರೆ ಎಂದಿನಂತೆ ಸೊಂಟದೆತ್ತರಕ್ಕೆ ಇತ್ತು. ಅದಕ್ಕೆ ನಾಲ್ಕು ಬೆರಳು ಕೆಳಗೆ, ಪ್ಯಾಸೇಜಿನ ಉದ್ದಕ್ಕೂ, ಸುಣ್ಣ ಸವೆದು ಬಿದ್ದ ಇನ್ನೊಂದು ನುಣುಪು ಗೆರೆ. ನಿನ್ನೆ ಅದು ಅಲ್ಲಿರಲಿಲ್ಲ. ಹೆಪ್ಪಿನ ಜೊತೆ ಬಂದದ್ದು. "ಇದು ನನ್ನ ಕೈ ಸವೆಸಿದ್ದಲ್ಲ" ಎಂದರು ಶಿವರುದ್ರಯ್ಯನವರು.

ಚೆನ್ನಾಜಮ್ಮ ಕಳ್ಳತನ ಸಿಕ್ಕಿಬಿದ್ದವರಂತೆ ಸೆರಗಿನ ತುದಿ ತಿರುಚುತ್ತ ನಿಂತಿದ್ದರು. "ನಂದು ಕಣೋ" ಎಂದರು. "ಅವತ್ತು ಮನೆಗೆ ಹೋದೋಳೇ ನಮ್ಮನೇಲೂ ಎಲ್ಲಾನೂ ನಿನ್ನ ಮನೇಲಿದ್ದ ಹಾಗೇ ಜೋಡಿಸ್ದೆ. ಕಣ್ಮುಚ್ಕೊಂಡು ನಡೆದೆ. ಸ್ಟೂಲು ಅಲ್ಲಿಟ್ಟಿದ್ದು ಎಂಥಾ ತಪ್ಪು ಅಂತ ಮೊದಲ್ನೇ ದಿನಾನೇ ಗೊತ್ತಾಯ್ತು. ಆಮೇಲೂ ಬಿಡೋಕಾಗ್ಲಿಲ್ಲ. ನೀನು ಕಾಫಿ ತಗೊಳೋಕೆ ಏಳೋ ಹೊತ್ತಿಗೆ ನಾನೂ ಏಳ್ತಿದ್ದೆ. ಅಡುಗೆಮನೆ ತನಕ ಕಣ್ಣು ಬಿಡ್ತಿರ್ಲಿಲ್ಲ." "ಎಷ್ಟು ದಿನ?" ಎಂದರು ಅವರು. "ದಿನಾ" ಎಂದರು ಆಕೆ.

ಶಿವರುದ್ರಯ್ಯನವರು ತಮ್ಮ ಗೆರೆಯಿಂದ ಕೈ ತೆಗೆದರು. ಎತ್ತರದ ಮನುಷ್ಯ, ಸ್ವಲ್ಪ ಬಗ್ಗಬೇಕಾಯಿತು. ಬಗ್ಗಿ, ಅಂಗೈಯನ್ನು ಆ ಕೆಳಗಿನ ಗೆರೆಯಲ್ಲಿ ಇಟ್ಟು, ಐದು, ಆರು, ಏಳು ಎಂದು ಅಡುಗೆಮನೆಯ ಹೊಸ್ತಿಲ ತನಕ ಹೋದರು. ತಿರುಗಿ ಅದೇ ಗೆರೆ ಹಿಡಿದು ಬಂದರು. "ಏಳು" ಎಂದರು. ದಾಕ್ಷಾಯಿಣಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಜೋರಾಗಿ ಅತ್ತುಬಿಟ್ಟಳು. ನಾನು ಪರದೆ ಒರೆಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ಚೀಲ ಹೆಗಲಿಗೆ ಹಾಕಿಕೊಂಡು, ಮೊರ ತೆಗೆದು ಜಗಲಿಯ ಮೇಲಿಟ್ಟು, ಬೀದಿಗೆ ಇಳಿದೆ. ನಾಲ್ಕು ಮನೆ ದಾಟಿರಲಿಲ್ಲ, ಹಿಂದೆ ಬಾಗಿಲು ತೆರೆದ ಸದ್ದಾಯಿತು. ತಿರುಗಿ ನೋಡಿದೆ. ಚೆನ್ನಾಜಮ್ಮ ತಮ್ಮನ ಕೈಯನ್ನು ತಮ್ಮ ಭುಜದ ಮೇಲೆ ಇರಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದರು. ನಡುಬೀದಿಗೆ ಬಂದ ಮೇಲೆ ಶಿವರುದ್ರಯ್ಯನವರು ನಿಂತು, "ಬಾಗಿಲು ಮುಚ್ಚಿದ್ಯಾ?" ಎಂದು ಕೇಳಿದರು. "ಮುಚ್ಚಿದೀನಿ, ಒಳಗೆ ಏನೂ ಕೇಳ್ಸಲ್ಲ. ಶುರು ಮಾಡು" ಎಂದರು ಆಕೆ. ಅವರು ಅಕ್ಕನ ಭುಜವನ್ನು ಬಿಡದೆ, ಗಂಟಲು ಸರಿಮಾಡಿಕೊಂಡು, "ಆ ಸ್ಟೂಲ್ ಅಲ್ಲಿಡು ಅಂತ ನಿಂಗೆ ಯಾರು ಹೇಳಿದ್ದು?" ಎಂದು ಒಂಬತ್ತು ವರ್ಷದ ಹಿಂದಿನ ಜಗಳವನ್ನು ಮೊದಲಿನಿಂದ ಶುರುಮಾಡಿದರು.